ಪರೀಕ್ಷಾ ಅರ್ಜಿ ತುಂಬದವರ ಪಟ್ಟಿ: ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿಗಳನ್ನು ಉಳಿಸಿಕೊಂಡ ನನ್ನ ಅನುಭವ

ಯಾದಗಿರಿ ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ವಿದ್ಯಾರ್ಥಿಯೊಬ್ಬ ಓದು ಬಿಟ್ಟನೆಂಬುದು ಅವನು ಬಿಟ್ಟು ಎಷ್ಟೋ ತಿಂಗಳಾದ ಮೇಲೆ ಗೊತ್ತಾಗುತ್ತದೆ. ಅವನು ಪ್ರಾಂಶುಪಾಲರ ಕೋಣೆಗೆ ಬಂದು ಹೇಳಿ ಹೋಗುವುದಿಲ್ಲ, ವರ್ಗಾವಣೆ ಪತ್ರವನ್ನೂ ಕೇಳುವುದಿಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಒಂದು ವಾರ ಬರುವುದಿಲ್ಲ, ಆಮೇಲೆ ಎರಡು ವಾರ. ಅಷ್ಟರಲ್ಲಿ ಪರೀಕ್ಷಾ ಅರ್ಜಿ ತುಂಬುವ ಕೊನೆಯ ದಿನ ದಾಟಿರುತ್ತದೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತಲೇ ಇರುತ್ತದೆ, ಮುಂದಿನ ವರ್ಷದ ಪ್ರವೇಶಾತಿಯಲ್ಲಿ ಆ ಹೆಸರು ಇರುವುದಿಲ್ಲ. ಈ ಎರಡರ ನಡುವೆ ಕಾಲೇಜಿನವರು ಯಾರೂ ಅವನೊಡನೆ ಒಂದು ಮಾತನ್ನೂ ಆಡಿರುವುದಿಲ್ಲ.

ನಾನು ಈ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಗೆ ಕೆಲವು ವರ್ಷಗಳಿಂದ ವಿದ್ಯಾರ್ಥಿ ಕ್ಷೇಮಪಾಲನೆಯ ಹೊಣೆಯೂ ನನ್ನ ಮೇಲಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮನೆಯಲ್ಲಿ ಪದವಿಗೆ ಕಾಲಿಟ್ಟ ಮೊದಲಿಗರು. ಸುತ್ತಲಿನ ಹಳ್ಳಿ ಮತ್ತು ತಾಂಡಾಗಳಿಂದ ಬಸ್ಸಿನಲ್ಲಿ ಬಂದು ಹೋಗುವವರು. ಮಂಡಳಿ, ಸಮಿತಿ, ಕೋಶಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಮಹಿಳಾ ಕೋಶವಿದೆ, ಕುಂದುಕೊರತೆ ಪೆಟ್ಟಿಗೆಯಿದೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿಗೆ ತೋರಿಸಲೆಂದು ಪ್ರತಿಯೊಬ್ಬ ಅಧ್ಯಾಪಕರ ಬಳಿಯೂ ಮಾರ್ಗದರ್ಶಕರ ದಾಖಲೆ ಪುಸ್ತಕವಿದೆ. ಇವೆಲ್ಲವುಗಳ ಹಿಂದೆ ಇರುವ ನಂಬಿಕೆ ಒಂದೇ: ಕಷ್ಟವಿದ್ದವರು ತಾವಾಗಿ ಬಂದು ಹೇಳಿಕೊಳ್ಳುತ್ತಾರೆ. ಆದರೆ ಹೇಳಿಕೊಳ್ಳಲು ಬರುವವರು ಸಾಮಾನ್ಯವಾಗಿ ಕಾಲೇಜು ಬಿಡುವವರಲ್ಲ. ಬಿಡುವ ಹುಡುಗನಿಗೆ ತನ್ನ ತೊಂದರೆ ಕಾಲೇಜಿಗೆ ಸಂಬಂಧಿಸಿದ್ದೆಂದೇ ಅನಿಸಿರುವುದಿಲ್ಲ; ಅದು ಮನೆಯ ವಿಚಾರ, ಸಾಲದ ವಿಚಾರ, ಬಸ್ಸಿನ ವಿಚಾರ. ಆದ್ದರಿಂದ ಅವರು ಬರುವವರೆಗೆ ಕಾಯದೆ ನಾವೇ ಮೊದಲು ಹೋಗುವ ಕ್ರಮವೊಂದನ್ನು ಕಟ್ಟಬೇಕೆಂದು ಹೊರಟೆವು. ಅದು ಹೇಗೆ ನಡೆಯಿತು, ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು ಎಂಬುದನ್ನು ಇದೇ ಕೆಲಸದಲ್ಲಿರುವ ಇತರರಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ.

ಮೊದಲು ಬೇಕಾದದ್ದು ಪಟ್ಟಿ. ಅಮೆರಿಕದ ಅಟ್ಲಾಂಟಾ ನಗರದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯವು 2012ರಿಂದ ಪ್ರತಿಯೊಬ್ಬ ವಿದ್ಯಾರ್ಥಿಯ ಕುರಿತು 800ಕ್ಕೂ ಹೆಚ್ಚು ಅಪಾಯಸೂಚನೆಗಳನ್ನು ಗಣಕಯಂತ್ರದ ಮೂಲಕ ದಿನವೂ ಪರಿಶೀಲಿಸಿ, ಸೂಚನೆ ಕಂಡೊಡನೆ ಸಲಹೆಗಾರರು ತಾವೇ ಸಂಪರ್ಕಿಸುವ ವ್ಯವಸ್ಥೆಯನ್ನು ನಡೆಸುತ್ತ ಬಂದಿದೆ. ನಮಗೆ 800 ಸೂಚನೆಗಳು ಬೇಕಾಗಿರಲಿಲ್ಲ, ಅವನ್ನು ನೋಡುವ ಯಂತ್ರವೂ ಇರಲಿಲ್ಲ. ನಮಗೆ ಬೇಕಾದ ಮಾಹಿತಿ ಮೂರು ಕಡೆ ಹರಿದು ಹಂಚಿಹೋಗಿತ್ತು: ಹಾಜರಿ ಅಧ್ಯಾಪಕರ ಬಳಿ, ಪರೀಕ್ಷಾ ಅರ್ಜಿಯ ವಿವರ ಪರೀಕ್ಷಾ ವಿಭಾಗದ ಗುಮಾಸ್ತರ ಬಳಿ, ವಿದ್ಯಾರ್ಥಿವೇತನದ ಸ್ಥಿತಿ ಮತ್ತೊಬ್ಬ ಗುಮಾಸ್ತರ ಬಳಿ. ಈ ಮೂವರು ಒಂದೇ ಮೇಜಿನ ಸುತ್ತ ಕುಳಿತದ್ದು ಎಂದೂ ಇರಲಿಲ್ಲ. ಹದಿನೈದು ದಿನಕ್ಕೊಮ್ಮೆ ಅವರನ್ನು ಕೂರಿಸುವುದೇ ನಮ್ಮ ಮೊದಲ ಕೆಲಸವಾಯಿತು. ಮಾರ್ಗದರ್ಶನದ ಕೆಲಸದಲ್ಲಿ ಗುಮಾಸ್ತರ ಪಾಲನ್ನು ಯಾರೂ ಬರೆಯುವುದಿಲ್ಲ; ನನ್ನ ಅನುಭವದಲ್ಲಿ ಅರ್ಧ ಕೆಲಸ ಅವರದೇ.

2021-22ರಿಂದ ಪ್ರವೇಶ, ಪರೀಕ್ಷೆ, ಶುಲ್ಕ ಎಲ್ಲವೂ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳಿಗಾಗಿ ತಂದ ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶದ ಮೂಲಕ ನಡೆಯುತ್ತಿವೆ. ಅದನ್ನು ಬೈಯದ ಅಧ್ಯಾಪಕರನ್ನು ನಾನು ಕಂಡಿಲ್ಲ, ನಾನೂ ಬೈದಿದ್ದೇನೆ. ಆದರೆ ಅದರಿಂದ ಒಂದು ದೊಡ್ಡ ಉಪಕಾರವಾಯಿತು. ಪ್ರವೇಶ ಪಡೆದವರ ಪಟ್ಟಿಯಿಂದ ಪರೀಕ್ಷಾ ಅರ್ಜಿ ಹಾಕಿದವರನ್ನು ಕಳೆದರೆ ಉಳಿಯುವ ಹೆಸರುಗಳು, ಕೊನೆಯ ದಿನಾಂಕಕ್ಕೆ ಇನ್ನೂ ಒಂದು ವಾರವಿರುವಾಗಲೇ, ನಮ್ಮ ಕೈಗೆ ಸಿಗತೊಡಗಿದವು. ಓದು ಬಿಡಲಿರುವವರನ್ನು ಇಷ್ಟು ಖಚಿತವಾಗಿ ತೋರಿಸಿಕೊಡುವ ಬೇರೆ ಸೂಚನೆ ನಮಗೆ ಸಿಗಲಿಲ್ಲ.

ಹಾಜರಿಯ ವಿಷಯದಲ್ಲಿ ನಮ್ಮ ಭಾಗದ ಕಾಲಮಾನವನ್ನು ಬಲ್ಲವರಷ್ಟೇ ಸರಿಯಾಗಿ ಲೆಕ್ಕ ಹಾಕಬಲ್ಲರು. ಶಹಾಪುರ, ಸುರಪುರದ ಕಡೆ ದೀಪಾವಳಿಯ ಆಸುಪಾಸಿನಿಂದ ಹತ್ತಿ ಬಿಡಿಸುವ ಕೆಲಸ, ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ, ಸಂಕ್ರಾಂತಿಗೆ ಮೈಲಾಪುರದ ಜಾತ್ರೆ. ಈ ದಿನಗಳಲ್ಲಿ ಅರ್ಧ ತರಗತಿ ಖಾಲಿಯಾದರೂ ಗಾಬರಿಪಡಬೇಕಾಗಿಲ್ಲ. ಹೊಲದ ಕೆಲಸಕ್ಕಾಗಿ ಮೂರು ವಾರ ಬಾರದೆ, ಕಿರುಪರೀಕ್ಷೆಯ ದಿನ ಮಾತ್ರ ತಪ್ಪದೆ ಬಂದು ಬರೆದು ಹೋಗುವ ಹುಡುಗಿ ಪದವಿಯನ್ನು ಮುಗಿಸುತ್ತಾಳೆ. ದಿನವೂ ಬಂದು ಎರಡನೆಯ ಬೆಂಚಿನಲ್ಲಿ ಕೂರುವ, ಆದರೆ ಪರೀಕ್ಷಾ ಅರ್ಜಿಯ ಮಾತು ಬಂದಾಗಲೆಲ್ಲ ‘ನಾಳೆ ತುಂಬ್ತೀನ್ರಿ ಸರ್’ ಎನ್ನುವ ಹುಡುಗನ ಬಗ್ಗೆಯೇ ಚಿಂತಿಸಬೇಕು. ಶೇಕಡಾ 75ರ ಹಾಜರಿ ನಿಯಮವನ್ನೇ ಎಚ್ಚರಿಕೆಯ ಗಂಟೆಯೆಂದು ನಂಬಿದ ಕಾಲೇಜಿಗೆ ಈ ಇಬ್ಬರಲ್ಲಿ ಹುಡುಗಿಯಷ್ಟೇ ಕಾಣುತ್ತಾಳೆ. ಹೀಗಾಗಿ ನಾವು ಪಟ್ಟಿಗೆ ಸೇರಿಸುವ ಕಾರಣಗಳನ್ನು ಕೆಲವಕ್ಕೇ ಇಳಿಸಿದೆವು: ಮೊದಲ ಕಿರುಪರೀಕ್ಷೆಗೆ ಬಾರದಿರುವುದು, ಪರೀಕ್ಷಾ ಅರ್ಜಿ ತುಂಬದಿರುವುದು, ವಿದ್ಯಾರ್ಥಿವೇತನದ ಅರ್ಜಿ ಅರ್ಧಕ್ಕೆ ನಿಂತಿರುವುದು, ಮೊದಲ ಸೆಮಿಸ್ಟರಿನಲ್ಲಿ ಎರಡಕ್ಕಿಂತ ಹೆಚ್ಚು ವಿಷಯಗಳು ಪಾಸಾಗದೆ ಉಳಿದಿರುವುದು. ಇವುಗಳಲ್ಲಿ ಯಾವುದೇ ಎರಡು ಕೂಡಿದರೆ ಕರೆ ಹೋಗಲೇಬೇಕು.

ಕರೆ ಮಾಡುವುದು ಸುಲಭವೆಂದು ತಿಳಿಯಬಾರದು. ಪ್ರವೇಶದ ಅರ್ಜಿಯಲ್ಲಿ ಬರೆದ ಮೊಬೈಲ್ ಸಂಖ್ಯೆ ಬಹಳಷ್ಟು ಸಲ ವಿದ್ಯಾರ್ಥಿಯದಾಗಿರುವುದಿಲ್ಲ. ಅರ್ಜಿ ತುಂಬಿಕೊಟ್ಟ ಸೈಬರ್ ಅಂಗಡಿಯವನದೋ, ಸಂಬಂಧಿಯೊಬ್ಬನದೋ ಆಗಿರುತ್ತದೆ. ಓಟಿಪಿ ಬರಲೆಂದು ಕೊಟ್ಟ ಸಂಖ್ಯೆ ಅದು. ಆದ್ದರಿಂದ ಪ್ರವೇಶದ ವಾರದಲ್ಲೇ ಇನ್ನೊಂದು ಚೀಟಿ ಬರೆಸಿಕೊಳ್ಳತೊಡಗಿದೆವು: ಮನೆಯಲ್ಲಿ ಸಂಜೆ ಫೋನ್ ಎತ್ತುವವರು ಯಾರು, ಊರಿನಿಂದ ಕಾಲೇಜಿಗೆ ಬರುವ ಇನ್ನೊಬ್ಬ ವಿದ್ಯಾರ್ಥಿ ಯಾರು, ಮನೆಯವರು ದುಡಿಯಲು ಬೇರೆ ಊರಿಗೆ ಹೋಗುತ್ತಾರೆಯೇ, ಹೋದರೆ ಯಾವ ತಿಂಗಳಲ್ಲಿ. ಈ ಕೊನೆಯ ಪ್ರಶ್ನೆಗೆ ಉತ್ತರ ಬರೆಯುವಾಗ ಯಾರೂ ಮುಜುಗರಪಡಲಿಲ್ಲ. ನಮ್ಮ ಜಿಲ್ಲೆಯಲ್ಲಿ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದುಗಳಿಗೆ ಗುಳೆ ಹೋಗುವುದು ಮರೆಮಾಚುವ ಸಂಗತಿಯೇನಲ್ಲ.

ಒಂದು ಕರೆಯ ಮಾತುಕತೆಯನ್ನು ಇಲ್ಲಿ ದಾಖಲಿಸುತ್ತೇನೆ, ಏಕೆಂದರೆ ಆಮೇಲೆ ಇದೇ ಮಾತನ್ನು ಬೇರೆ ಬೇರೆ ಬಾಯಿಗಳಿಂದ ಎಷ್ಟೋ ಸಲ ಕೇಳಿದೆ. ಬಿ.ಎ. ಮೊದಲ ವರ್ಷದ ಹುಡುಗನೊಬ್ಬ ಅರ್ಜಿ ತುಂಬದವರ ಪಟ್ಟಿಯಲ್ಲಿದ್ದ. ಅವನ ಊರಿನ ಮತ್ತೊಬ್ಬ ವಿದ್ಯಾರ್ಥಿಯಿಂದ ಸಂಖ್ಯೆ ಪಡೆದು ಫೋನ್ ಮಾಡಿದಾಗ ಹಿಂದೆ ಕಾಂಕ್ರೀಟ್ ಕಲಸುವ ಯಂತ್ರದ ಸದ್ದು ಕೇಳುತ್ತಿತ್ತು.

‘ಎಲ್ಲದೀಯಪಾ?’

‘ಬೆಂಗಳೂರಾಗ ಅದೀನ್ರಿ ಸರ್. ಅಪ್ಪಗ ಆರಾಮಿಲ್ರಿ, ಅದಕ್ಕ ಅಣ್ಣನ ಸಂಗಡ ಕೆಲಸಕ್ಕ ಬಂದೀನ್ರಿ.’

‘ಪರೀಕ್ಷಾ ಫಾರ್ಮ್ ತುಂಬೀಯೇನು?’

‘ಇಲ್ರಿ. ನನ್ನ ಹೆಸರು ತಗದಿರ್ತೀರಿ ಅಂತ ತಿಳ್ಕೊಂಡಿದ್ದೆನ್ರಿ.’

ಅವನ ಹೆಸರನ್ನು ಯಾರೂ ತೆಗೆದಿರಲಿಲ್ಲ. ಹಾಜರಿ ಕಡಿಮೆಯಾಗಿತ್ತು, ಆದರೆ ಉಳಿದ ದಿನಗಳಲ್ಲಿ ಬಂದರೆ ಸರಿದೂಗಿಸಲು ಅವಕಾಶವಿತ್ತು. ಮೂರು ವಾರ ಬಾರದಿದ್ದರೆ ಹೆಸರು ಹೋಗುತ್ತದೆಂದು ಅವನಿಗೆ ಯಾರೋ ಹೇಳಿದ್ದರು, ಅದು ಸುಳ್ಳೆಂದು ಹೇಳಲು ಕಾಲೇಜಿನಿಂದ ಯಾರೂ ಫೋನ್ ಮಾಡಿರಲಿಲ್ಲ. ‘ನಾನು ಈಗಾಗಲೇ ಹೊರಗೆ ಬಿದ್ದಿದ್ದೇನೆ’ ಎಂಬ ಈ ತಪ್ಪು ತಿಳಿವಳಿಕೆಯಿಂದಲೇ ಓದು ಬಿಡುವವರು ಹಲವರಿದ್ದಾರೆ. ಅಂದಿನಿಂದ ನಮ್ಮ ಕರೆಗಳು ‘ಯಾಕೆ ಬಂದಿಲ್ಲ?’ ಎಂಬ ಪ್ರಶ್ನೆಯಿಂದ ಆರಂಭವಾಗುವುದನ್ನು ನಿಲ್ಲಿಸಿದೆವು. ‘ನಿನ್ನ ಹೆಸರು ಇನ್ನೂ ಇದೆ, ಇಂಥ ದಿನಾಂಕದವರೆಗೆ ಅವಕಾಶವಿದೆ’ ಎಂಬುದು ಮೊದಲ ವಾಕ್ಯ. ಕಾರಣ ಕೇಳುವುದು ಆಮೇಲೆ; ಹುಡುಗರು ಅದನ್ನು ಕೇಳದೆಯೇ ಹೇಳುತ್ತಾರೆ. ಬೈಗುಳವಿಲ್ಲದ ಫೋನು ಕಾಲೇಜಿನಿಂದ ಬರುತ್ತದೆಂಬುದೇ ಕೆಲವರಿಗೆ ಹೊಸ ವಿಷಯ.

ಹುಡುಗಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪುರುಷ ಅಧ್ಯಾಪಕರು ವಿದ್ಯಾರ್ಥಿನಿಯ ಮೊಬೈಲಿಗೆ ನೇರವಾಗಿ ಫೋನ್ ಮಾಡಿದರೆ, ಆ ಒಂದು ಕರೆಯೇ ಅವಳ ಓದಿಗೆ ಮುಳುವಾಗಬಹುದು. ಮನೆಯಲ್ಲಿ ‘ಯಾವ ಸರ್? ಯಾಕ ಫೋನ್ ಮಾಡ್ತಾರ?’ ಎಂದು ಶುರುವಾದ ಮಾತು ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು. ಆದ್ದರಿಂದ ವಿದ್ಯಾರ್ಥಿನಿಯರಿಗೆ ನಮ್ಮ ಅಧ್ಯಾಪಕಿಯರೇ, ಅದೂ ತಾಯಿ ಇಲ್ಲವೇ ತಂದೆ ಮನೆಯಲ್ಲಿರುವ ಸಂಜೆಯ ಹೊತ್ತಿನಲ್ಲಿ, ಮನೆಯವರ ಸಂಖ್ಯೆಗೇ ಫೋನ್ ಮಾಡುತ್ತಾರೆ. ಮೊದಲು ತಾಯಿಯೊಡನೆ ಮಾತು. ‘ಯವ್ವಾ, ನಿಮ್ಮ ಮಗಳು ಚಲೋ ಓದ್ತಾಳ, ಒಂದು ಫಾರ್ಮ್ ತುಂಬೋದು ಉಳಿದದ, ನಾಳಿ ಕಳಸ್ರಿ’ ಎಂದರೆ ಸಾಕು. ಕೆಲಸದ ಮಾತು ಮಾತ್ರ, ದಿನಾಂಕ ಮಾತ್ರ. ಮದುವೆಯ ಸುದ್ದಿ ಇದ್ದರೆ ತಾಯಿಯೇ ಹೇಳುತ್ತಾಳೆ.

ಮದುವೆ ನಮ್ಮಲ್ಲಿ ಹುಡುಗಿಯರು ಓದು ಬಿಡುವ ದೊಡ್ಡ ಕಾರಣ. ಹದಿನೆಂಟು ತುಂಬದವರ ಮದುವೆಯ ಸುಳಿವು ಸಿಕ್ಕರೆ ಮಾತುಕತೆಗೆ ಎಡೆಯಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗುತ್ತದೆ. ಆದರೆ ಪದವಿಯ ಹುಡುಗಿಯರಲ್ಲಿ ಹೆಚ್ಚಿನವರು ಕಾನೂನಿನ ವಯಸ್ಸು ದಾಟಿದವರೇ. ಅವರ ಮದುವೆಯನ್ನು ನಿಲ್ಲಿಸಲು ನಾವು ಯಾರು? ಆದ್ದರಿಂದ ನಮ್ಮ ಪ್ರಯತ್ನವೆಲ್ಲ ಮದುವೆಯಾದ ಮೇಲೆ ಉಳಿದ ಸೆಮಿಸ್ಟರುಗಳನ್ನು ಮುಗಿಸುವುದರ ಬಗ್ಗೆ. ಮದುವೆ ನಿಶ್ಚಯವಾದ ಹಂತದಲ್ಲಿಯೇ, ಸಾಧ್ಯವಾದರೆ ಗಂಡಿನ ಕಡೆಯವರ ಎದುರಿನಲ್ಲಿಯೇ, ಪರೀಕ್ಷೆಯ ದಿನಾಂಕಗಳನ್ನು ಮಾತಿಗೆ ತರುತ್ತೇವೆ. ಇಲ್ಲಿ ನಮಗೆ ಬಲವಾಗಿ ಒದಗಿದ್ದು 2013ರಿಂದ ಜಾರಿಯಲ್ಲಿರುವ ಸಂವಿಧಾನದ 371(ಜೆ) ವಿಧಿ. ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿಯಿದೆ, ಆದರೆ ಪದವಿ ಬೇಡುವ ಹುದ್ದೆಗೆ ಅರ್ಧ ಪದವಿ ನಡೆಯುವುದಿಲ್ಲ ಎಂಬ ಮಾತು ಮಾವನ ಮನೆಯವರಿಗೂ ಥಟ್ಟನೆ ಅರ್ಥವಾಗುತ್ತದೆ. ಸೊಸೆಯ ಓದು ಸೊಸೆಗಾಗಿ ಎಂಬ ವಾದಕ್ಕಿಂತ ಈ ವಾದ ಹೆಚ್ಚು ನಡೆಯುತ್ತದೆಂಬುದು ನನಗೆ ಸಂತೋಷದ ವಿಷಯವಲ್ಲ. ಆದರೂ ನಡೆಯುವ ವಾದವನ್ನೇ ಬಳಸುತ್ತೇವೆ.

ಹಣದ ವಿಷಯಕ್ಕೆ ಬಂದರೆ, ಬಡತನ ಎಂಬ ಒಂದೇ ಕಾರಣ ಬರೆದು ಕೈತೊಳೆದುಕೊಳ್ಳುವುದು ಸುಲಭ. ಹತ್ತಿರ ಹೋಗಿ ನೋಡಿದಾಗ ಕಂಡದ್ದು, ಬರಬೇಕಾದ ಹಣ ಬಾರದಿರುವುದು. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಂತ್ರಾಂಶದಲ್ಲಿ ಅರ್ಜಿ ಹಾಕಿದ್ದಾರೆ, ‘ಸಬ್ಮಿಟ್ ಆಗಿದೆ’ ಎನ್ನುತ್ತಾರೆ, ಹಣ ಮಾತ್ರ ಬಂದಿಲ್ಲ. ಕುಳಿತು ಒಂದೊಂದೇ ಅರ್ಜಿಯನ್ನು ತೆರೆದು ನೋಡಿದಾಗ ಅಡಚಣೆಗಳು ಕೆಲವೇ ಬಗೆಯವಾಗಿದ್ದವು. ಆಧಾರ್ ಕಾರ್ಡಿನಲ್ಲಿ ಅಪ್ಪನ ಹೆಸರು ಸೇರಿದೆ, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಳೆಯದು, ಅವಧಿ ಮುಗಿದಿದೆ. ಬ್ಯಾಂಕ್ ಖಾತೆಯಿದೆ, ಆದರೆ ಅದು ಆಧಾರಕ್ಕೆ ಜೋಡಣೆಯಾಗಿಲ್ಲ. ಇಲ್ಲವೇ ಎಂದೋ ತೆರೆದು ಮರೆತ ಮತ್ತೊಂದು ಖಾತೆಗೆ ಜೋಡಣೆಯಾಗಿದೆ. ಈ ಕೊನೆಯದು ವಿಚಿತ್ರವಾದ ತೊಡಕು. ನೇರ ನಗದು ವರ್ಗಾವಣೆಯ ಹಣ ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ. ಹುಡುಗ ಪಾಸ್‌ಬುಕ್ ಹಿಡಿದು ಒಂದು ಬ್ಯಾಂಕಿನ ಬಾಗಿಲಲ್ಲಿ ನಿಂತಿರುತ್ತಾನೆ, ಹಣ ಮತ್ತೊಂದು ಬ್ಯಾಂಕಿನ ಖಾತೆಯಲ್ಲಿ ಬಂದು ಕುಳಿತಿರುತ್ತದೆ, ಅಥವಾ ಆ ಖಾತೆ ನಿಷ್ಕ್ರಿಯವಾಗಿ ಹಣ ಹಿಂದಕ್ಕೆ ಹೋಗಿರುತ್ತದೆ.

ಇದಕ್ಕೆ ಸಲಹೆಯಿಂದ ಪ್ರಯೋಜನವಿಲ್ಲ, ಮೇಜು ಬೇಕು. ಅರ್ಜಿ ತುಂಬುವ ತಿಂಗಳುಗಳಲ್ಲಿ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಒಂದು ಗಣಕಯಂತ್ರ, ಒಬ್ಬ ಗುಮಾಸ್ತರು, ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳು ಕೂರುವ ವ್ಯವಸ್ಥೆ ಮಾಡಿದೆವು. ಅಂಚೆ ಕಚೇರಿಯವರನ್ನು ಕೇಳಿಕೊಂಡಾಗ, ಅಂಚೆ ಪಾವತಿ ಬ್ಯಾಂಕಿನ ಖಾತೆಯನ್ನು ಕಾಲೇಜಿನಲ್ಲಿಯೇ ಬೆರಳಚ್ಚು ಪಡೆದು ತೆರೆದು ಆಧಾರಕ್ಕೆ ಜೋಡಿಸಿಕೊಡಲು ಒಪ್ಪಿದರು. ನಾಡಕಚೇರಿಗೆ ಒಬ್ಬೊಬ್ಬರೇ ಅಲೆಯುವ ಬದಲು ಅವಧಿ ಮುಗಿದ ಪ್ರಮಾಣಪತ್ರಗಳವರ ಅರ್ಜಿಗಳನ್ನು ಒಟ್ಟಿಗೆ ಹಾಕಿಸಿದೆವು. ಇದನ್ನು ಆಪ್ತಸಮಾಲೋಚನೆ ಎಂದು ಯಾರೂ ಕರೆಯುವುದಿಲ್ಲ. ಆದರೆ ಈ ಮೇಜಿನ ಮುಂದೆ ಸರದಿಯಲ್ಲಿ ನಿಂತಿರುವಾಗ ಹುಡುಗರು ಹೇಳಿಕೊಂಡಷ್ಟು ಕಷ್ಟಗಳನ್ನು ಸಮಾಲೋಚನಾ ಕೋಣೆಯಲ್ಲಿ ಯಾರೂ ಹೇಳಿಕೊಂಡದ್ದಿಲ್ಲ.

ಹೀಗೆ ಬೇರೆ ಕೆಲಸಕ್ಕಾಗಿ ಹೇಗೂ ಬರುವವರನ್ನು ಅಲ್ಲೇ ಮಾತನಾಡಿಸುವ ಉಪಾಯವನ್ನು ಮುಂದೆ ಬಸ್ ಪಾಸಿಗೂ ವಿಸ್ತರಿಸಿದೆವು. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 2007ರಲ್ಲಿ ಆರಂಭಿಸಿದ, ಎಎಸ್‌ಎಪಿ ಎಂದು ಕರೆಯಲಾಗುವ ಯೋಜನೆಯಲ್ಲಿ ವಿದ್ಯಾರ್ಥಿಗಳಿಗೆ ನಗರದ ಮೆಟ್ರೊ ರೈಲು, ಬಸ್ಸುಗಳ ಉಚಿತ ಪಾಸ್ ಕೊಡುತ್ತಾರೆ. ಅದು ಸಿಗಬೇಕಾದರೆ ಸಲಹೆಗಾರರನ್ನು ನಿಯತವಾಗಿ ಕಾಣುತ್ತಿರಬೇಕು. ಪಠ್ಯಪುಸ್ತಕದ ನೆರವು, ಶುಲ್ಕದ ಕೊರತೆಗೆ ವಿನಾಯಿತಿ, ಒಬ್ಬ ಸಲಹೆಗಾರನಿಗೆ ಸೀಮಿತ ಸಂಖ್ಯೆಯ ವಿದ್ಯಾರ್ಥಿಗಳು, ಇವೂ ಅದರ ಭಾಗ. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ ಪದವಿ ಮುಗಿಸಿದವರು ಯೋಜನೆಯಲ್ಲಿದ್ದವರಲ್ಲಿ ಶೇಕಡಾ 40, ಇಲ್ಲದವರಲ್ಲಿ ಶೇಕಡಾ 22. ಅಷ್ಟು ಹಣ ನಮ್ಮಲ್ಲಿಲ್ಲ, ಆದರೆ ಪಾಸಿನ ಉಪಾಯಕ್ಕೆ ಹಣ ಬೇಕಾಗಿಲ್ಲ. ಹುಡುಗರು ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸ್ ಪಡೆಯಲು ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಅದಕ್ಕೆ ಮಾರ್ಗದರ್ಶಕರ ಸಹಿ ಕಡ್ಡಾಯ ಮಾಡಿದೆವು. ಸಹಿಗೆ ಬಂದವರೊಡನೆ ಐದು ನಿಮಿಷ ಮಾತು, ಹಿಂದಿನ ಸೆಮಿಸ್ಟರಿನಲ್ಲಿ ಏನು ಉಳಿದಿದೆ ಎಂಬ ಒಂದು ನೋಟ. ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಪ್ರಯಾಣ ಉಚಿತವಾದ್ದರಿಂದ ಪಾಸಿನ ಅಗತ್ಯವಿಲ್ಲ. ಅವರ ಭೇಟಿಗೆ ವಿದ್ಯಾರ್ಥಿವೇತನದ ಮೇಜೇ ಆಧಾರ.

ಶಕ್ತಿ ಯೋಜನೆಯಿಂದ ಟಿಕೆಟ್ಟಿನ ಖರ್ಚು ಹೋಯಿತು, ಬಸ್ಸಿನ ವೇಳೆ ಬದಲಾಗಲಿಲ್ಲ. ಕೆಲವು ಊರುಗಳಿಗೆ ಸಂಜೆಯ ಬಸ್ಸು ತಪ್ಪಿದರೆ ಮುಂದೆ ಖಾಸಗಿ ಜೀಪು, ಟಂಟಂಗಳೇ ಗತಿ. ಅವುಗಳಲ್ಲಿ ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಒಪ್ಪುವುದಿಲ್ಲ. ಮಧ್ಯಾಹ್ನದ ಕೊನೆಯ ಅವಧಿಯಲ್ಲಿ ಯಾರು ಬರುವುದಿಲ್ಲವೆಂದು ಪಟ್ಟಿ ಮಾಡಿ, ಅವರ ಊರುಗಳನ್ನು ಪಕ್ಕದಲ್ಲಿ ಬರೆದಾಗ, ಅವರೆಲ್ಲರೂ ಒಂದೇ ಮಾರ್ಗದವರೆಂದು ಗೊತ್ತಾಯಿತು. ವೇಳಾಪಟ್ಟಿಯನ್ನು ತಿರುಗಿಸಿ, ಪ್ರಾಯೋಗಿಕ ತರಗತಿಗಳನ್ನು ಬೆಳಗ್ಗೆಗೆ ತಂದೆವು. ಕೆಲವು ಅಧ್ಯಾಪಕರಿಗೆ ಇದು ಹಿಡಿಸಲಿಲ್ಲ. ಬಸ್ಸಿನ ವೇಳೆ ಬದಲಿಸಿ ಎಂದು ಸಾರಿಗೆ ಸಂಸ್ಥೆಯ ಘಟಕಕ್ಕೆ ಬರೆದ ಪತ್ರಗಳಿಂದ ಆದದ್ದು ಕಡಿಮೆ. ನಮ್ಮ ಗಂಟೆಯನ್ನು ನಾವೇ ಬದಲಿಸಿಕೊಂಡದ್ದರಿಂದ ಆದದ್ದು ಹೆಚ್ಚು.

ಪರೀಕ್ಷಾ ಶುಲ್ಕಕ್ಕಾಗಿ ಅಧ್ಯಾಪಕರು ಸೇರಿ ಒಂದು ಚಿಕ್ಕ ನಿಧಿ ಮಾಡಿಕೊಂಡಿದ್ದೇವೆ. ಅದರ ನಿಯಮಗಳು ಕೆಲವೇ: ಹಣವನ್ನು ವಿದ್ಯಾರ್ಥಿಯ ಕೈಗೆ ಕೊಡುವುದಿಲ್ಲ, ಶುಲ್ಕವನ್ನೇ ನೇರವಾಗಿ ಕಟ್ಟುತ್ತೇವೆ, ಅದು ಸಾಲವಲ್ಲ, ಯಾರಿಗೆ ಕಟ್ಟಿದೆವೆಂಬುದನ್ನು ಇಬ್ಬರು ಬಿಟ್ಟು ಯಾರಿಗೂ ತಿಳಿಸುವುದಿಲ್ಲ. ಪ್ರಾರ್ಥನಾ ಸಭೆಯಲ್ಲಿ ಚೆಕ್ ಹಂಚಿ ಫೋಟೊ ತೆಗೆಸಿಕೊಳ್ಳುವ ಪದ್ಧತಿಯಿದ್ದಲ್ಲಿ ನಿಜವಾಗಿ ಬೇಕಾದವರು ಹೆಸರು ಕೊಡುವುದಿಲ್ಲ.

ಓದಿನದೇ ಆದ ಕಾರಣಗಳಲ್ಲಿ ಇಂಗ್ಲಿಷ್ ಮೊದಲನೆಯದು. ದ್ವಿತೀಯ ಪಿಯುಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಬಿ.ಎಸ್ಸಿ., ಬಿ.ಕಾಂ. ಸೇರಿದೊಡನೆ ಪುಸ್ತಕವೆಲ್ಲ ಇಂಗ್ಲಿಷಿನಲ್ಲಿರುತ್ತದೆ. ಮೊದಲ ಸೆಮಿಸ್ಟರಿನ ಫಲಿತಾಂಶದಲ್ಲಿ ಮೂರು ವಿಷಯ ಉಳಿದ ಹುಡುಗನ ಕಣ್ಣಿಗೆ ಅವೆಲ್ಲ ಸೇರಿ ಒಂದೇ ಬೆಟ್ಟದಂತೆ ಕಾಣುತ್ತವೆ. ಅವನನ್ನು ಕೂರಿಸಿಕೊಂಡು ಯಾವ ವಿಷಯವನ್ನು ಯಾವ ಸೆಮಿಸ್ಟರಿನಲ್ಲಿ ಬರೆಯುವುದು ಎಂದು ಒಂದು ಹಾಳೆಯಲ್ಲಿ ಬರೆದುಕೊಡುವುದೇ ಅರ್ಧ ಪರಿಹಾರ. ಉಳಿದರ್ಧಕ್ಕೆ, ಅದೇ ವಿಷಯದಲ್ಲಿ ಒಮ್ಮೆ ಬಿದ್ದು ಆಮೇಲೆ ಪಾಸಾದ ಹಿರಿಯ ವಿದ್ಯಾರ್ಥಿಗಳನ್ನು ಕಲಿಸಲು ಹಚ್ಚುತ್ತೇವೆ. ಮೊದಲ ದರ್ಜೆಯವರಿಗಿಂತ ಇವರೇ ಚೆನ್ನಾಗಿ ಕಲಿಸುತ್ತಾರೆ. ಎಲ್ಲಿ ಎಡವುತ್ತಾರೆಂಬುದು ಇವರಿಗೆ ಗೊತ್ತು. ಪದವಿಯ ರಚನೆಯೇ ಪದೇ ಪದೇ ಬದಲಾದದ್ದೂ ಗೊಂದಲ ಹೆಚ್ಚಿಸಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಮಾದರಿ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಹಳೆಯ ಪಠ್ಯಕ್ರಮದ ವಿಷಯ ಉಳಿಸಿಕೊಂಡವರಿಗೆ ಅದನ್ನು ಇನ್ನು ಬರೆಯಲು ಬರುವುದಿಲ್ಲವೆಂಬ ಗಾಳಿಸುದ್ದಿ ಹಬ್ಬಿದಾಗ, ಅದನ್ನು ಅಲ್ಲಗಳೆಯಲೆಂದೇ ತರಗತಿಯಿಂದ ತರಗತಿಗೆ ಹೋಗಬೇಕಾಯಿತು.

ಮನಸ್ಸಿನ ತೊಂದರೆಗಳ ವಿಷಯದಲ್ಲಿ ನಮ್ಮ ಮಿತಿಯನ್ನು ನಾವು ಮೀರುವುದಿಲ್ಲ. ರಾಜ್ಯಶಾಸ್ತ್ರದ ಮೇಷ್ಟ್ರು ಮನೋವೈದ್ಯನಾಗಲಾರ. ನಿದ್ದೆಯಿಲ್ಲ, ಊಟ ಬಿಟ್ಟಿದ್ದಾನೆ, ಬದುಕು ಬೇಡವೆಂಬ ಮಾತು ಆಡಿದ್ದಾನೆ ಎಂದರೆ ಅದೇ ದಿನ ಮನೆಯವರೊಬ್ಬರನ್ನು ಕರೆಸಿ, ಜಿಲ್ಲಾ ಆಸ್ಪತ್ರೆಗೆ ಒಬ್ಬರು ಜೊತೆಯಾಗಿ ಹೋಗುತ್ತೇವೆ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ, ಉಚಿತವಾಗಿ, ಹಗಲಿರುಳೂ ಮಾತನಾಡಬಹುದೆಂಬುದನ್ನು ಪ್ರತಿ ತರಗತಿಯ ಬಾಗಿಲ ಹಿಂದೆ ಬರೆದಿದ್ದೇವೆ.

ನಡೆಯದೆ ಹೋದವುಗಳನ್ನೂ ಹೇಳಬೇಕು. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಸೂಚನೆಗಳನ್ನು ಕಾಲೇಜಿಗೆ ಬರುವವರೇ ಓದಿದರು. ಬಾರದವರ ಮೊಬೈಲಿನಲ್ಲಿ ರೀಚಾರ್ಜೇ ಇರಲಿಲ್ಲ. ಪೋಷಕರ ಸಭೆಗೆ ಕೂಲಿ ಬಿಟ್ಟು ಯಾರೂ ಬರಲಿಲ್ಲ, ಬರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಇನ್ನು, ಹೋದವರನ್ನೆಲ್ಲ ಹಿಡಿದು ತರುವುದೇ ಗುರಿಯೆಂದು ಭಾವಿಸಿದರೆ ಈ ಕೆಲಸ ಹಿಂಸೆಯಾಗುತ್ತದೆ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಆಯ್ಕೆಯಾಗಿ ತರಬೇತಿಗೆ ಹೊರಟವನು, ಐಟಿಐ ಸೇರಿ ಕೈಕಸುಬು ಕಲಿಯಬೇಕೆಂದವನು ಓದು ಬಿಟ್ಟವರಲ್ಲ, ದಾರಿ ಬದಲಿಸಿದವರು. ಅವರಿಗೆ ತಕರಾರಿಲ್ಲದೆ ವರ್ಗಾವಣೆ ಪತ್ರ ಕೊಟ್ಟು, ಮುಂದೆ ಮನಸ್ಸಾದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಪದವಿ ಪಡೆಯಬಹುದೆಂದು ತಿಳಿಸಿ ಕಳಿಸುತ್ತೇವೆ.

ಮೊದಲು ಬಿ.ಎ. ಮೊದಲ ವರ್ಷಕ್ಕಷ್ಟೇ ಇದ್ದ ಈ ಕ್ರಮವನ್ನು ಎಲ್ಲ ವಿಭಾಗಗಳಿಗೆ ವಿಸ್ತರಿಸುವಾಗ ಎದುರಾದ ಮುಖ್ಯ ತೊಡಕು ಜನರದು. ಪಾಠದ ಬಹುಪಾಲು ಭಾರ ಹೊತ್ತವರು ಅತಿಥಿ ಉಪನ್ಯಾಸಕರು. ಅವರ ನೇಮಕ ವರ್ಷವರ್ಷಕ್ಕೂ ಹೊಸದು, ಸಂಭಾವನೆ ತಡವಾಗಿ ಬರುತ್ತದೆ. ಸಂಜೆ ಮನೆಗೆ ಹೋಗಿ ತಮ್ಮ ಮೊಬೈಲಿನಿಂದ ಇಪ್ಪತ್ತು ಕರೆ ಮಾಡಿ ಎಂದು ಅವರಿಗೆ ಹೇಳಲು ಬಾಯಿ ಬರುವುದಿಲ್ಲ. ಆದ್ದರಿಂದ ಕರೆಗಳನ್ನು ಕಾಲೇಜಿನ ವೇಳೆಯಲ್ಲಿಯೇ ಮಾಡಲು ವಾರಕ್ಕೊಂದು ಅವಧಿಯನ್ನು ಅವರ ಕಾರ್ಯಭಾರದಲ್ಲಿ ಸೇರಿಸಿ, ಕಾಲೇಜಿನ ಹೆಸರಿನಲ್ಲಿಯೇ ಒಂದು ಸಿಮ್ ತೆಗೆದುಕೊಂಡೆವು. ಸಂಜೆಯೇ ಮಾಡಬೇಕಾದ ಕರೆಗಳನ್ನು ಕಾಯಂ ಅಧ್ಯಾಪಕರು ಹಂಚಿಕೊಂಡಿದ್ದೇವೆ. ಮಾರ್ಗದರ್ಶಕರು ಬದಲಾದರೂ ಮಾಹಿತಿ ಉಳಿಯಲೆಂದು ಪ್ರತಿ ವಿದ್ಯಾರ್ಥಿಗೆ ಒಂದೇ ಹಾಳೆ ಇಟ್ಟಿದ್ದೇವೆ. ಅದರಲ್ಲಿ ಯಾವಾಗ ಮಾತನಾಡಿದೆವು, ಏನು ಮಾಡುತ್ತೇವೆಂದು ಒಪ್ಪಿಕೊಂಡೆವು, ಮಾಡಿದೆವೋ ಇಲ್ಲವೋ ಎಂಬಷ್ಟೇ ಇರುತ್ತದೆ. ಮನೆಯ ಜಗಳ, ಪ್ರೇಮ, ಕಾಯಿಲೆಗಳನ್ನು ಅದರಲ್ಲಿ ಬರೆಯಬಾರದೆಂಬುದು ಕಟ್ಟುನಿಟ್ಟು. ತಪಾಸಣೆಗೆ ಬಂದವರು ಆ ಹಾಳೆಗಳಲ್ಲಿ ‘ವಿವರ ಸಾಲದು’ ಎಂದರೂ ನಿಯಮ ಬದಲಿಸಿಲ್ಲ.

ಅರ್ಜಿ ತುಂಬದವರ ಪಟ್ಟಿ ಈಗ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದೆ. ಕರೆ ಹೋದವರಲ್ಲಿ ಹೆಚ್ಚಿನವರು ಕೊನೆಯ ದಿನದೊಳಗೆ ಬಂದು ತುಂಬುತ್ತಾರೆ. ನಮ್ಮ ಕೈಗೆ ಇನ್ನೂ ಸಿಗದಿರುವುದು ಬೇಸಿಗೆ. ಎರಡನೆಯ ಸೆಮಿಸ್ಟರಿನ ಪರೀಕ್ಷೆ ಮುಗಿದು ಮೂರನೆಯದರ ಪ್ರವೇಶ ಆರಂಭವಾಗುವವರೆಗಿನ ಅವಧಿಯಲ್ಲಿ ತರಗತಿಯಿಲ್ಲ, ಹಾಜರಿಯಿಲ್ಲ, ಸಹಿಗೆ ಬರುವ ಕಾರಣವಿಲ್ಲ. ಗುಳೆ ಹೋದವರು ಅಲ್ಲೇ ಉಳಿಯುವುದೂ, ಮದುವೆಗಳು ಆಗುವುದೂ ಆಗಲೇ. ಅತಿಥಿ ಉಪನ್ಯಾಸಕರ ಅವಧಿಯೂ ಆ ಹೊತ್ತಿಗೆ ಮುಗಿದಿರುತ್ತದೆ. ಈ ಸಲ ಪರೀಕ್ಷೆಯ ಕೊನೆಯ ದಿನ, ಉತ್ತರ ಪತ್ರಿಕೆ ಕೊಟ್ಟು ಹೊರಗೆ ಬಂದವರಿಂದಲೇ ಮುಂದಿನ ವರ್ಷದ ಪ್ರವೇಶದ ದಾಖಲೆಗಳನ್ನು ಪರಿಶೀಲಿಸಿ ಇಟ್ಟುಕೊಳ್ಳುವುದೆಂದೂ, ಊರೂರಿಗೆ ಒಬ್ಬರಂತೆ ಹಿರಿಯ ವಿದ್ಯಾರ್ಥಿಯನ್ನು ಹೊಣೆಗಾರರನ್ನಾಗಿ ಮಾಡಿ ಪ್ರವೇಶದ ದಿನಾಂಕವನ್ನು ಮನೆಗೆ ಮುಟ್ಟಿಸುವುದೆಂದೂ ಗೊತ್ತುಮಾಡಿಕೊಂಡಿದ್ದೇವೆ. ಯಾವ ಊರಿಗೆ ಯಾರು ಎಂಬ ಪಟ್ಟಿಯನ್ನು ಗುಮಾಸ್ತರು ತಯಾರಿಸುತ್ತಿದ್ದಾರೆ.